ಬದುವಿನಾಚೆಯ ಉಪ್ಪು

ಏಪ್ರಿಲ್ ೯

ಮಾನ್ಯ ಭೂಮಾಲೀಕರಿಗೆ,

ಉಪ್ಪೇರಿದ ಗದ್ದೆಗಳಲ್ಲಿಯೂ ಬೆಳೆಯಬಲ್ಲ ಹೊಸ ಭತ್ತದ ತಳಿಯೊಂದನ್ನು ನಮ್ಮ ಬೀಜ ಸಂಶೋಧನಾ ಕೇಂದ್ರವು ಈ ಮಳೆಗಾಲದಲ್ಲಿ ರೈತರ ಜಮೀನಿನಲ್ಲೇ ಪರೀಕ್ಷಿಸಲು ಉದ್ದೇಶಿಸಿದೆ. ಮಣ್ಣಿನ ನಕ್ಷೆಯ ಆಧಾರದ ಮೇಲೆ ಆಯ್ಕೆಯಾದ ಮೂರು ಜಮೀನುಗಳಲ್ಲಿ ತಮ್ಮದೂ ಒಂದು. ಒಪ್ಪಿಗೆಯಿದ್ದಲ್ಲಿ ಲಗತ್ತಿಸಿರುವ ನಮೂನೆಯನ್ನು ಭರ್ತಿ ಮಾಡಿ ಕಳುಹಿಸಬೇಕಾಗಿ ಕೋರಿಕೆ.

ತಾಂತ್ರಿಕ ಸಹಾಯಕಿ,
ಬೀಜ ಸಂಶೋಧನಾ ಕೇಂದ್ರ

ಅಕ್ಕ, ಸಹಿ ನೋಡಿಯೇ ಗುರುತು ಹಿಡಿದಿರುತ್ತೀಯ. ಇದನ್ನು ಬೇರೆಯವರ ಕೈಯಲ್ಲಿ ಬರೆಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಆರು ವರ್ಷವಾಯಿತು. ಬೀಜ ಒಳ್ಳೆಯದಿದೆ. ಅದಕ್ಕಿಂತ ಹೆಚ್ಚು ಹೇಳುವ ಮುಖ ನನಗಿಲ್ಲ.


ಏಪ್ರಿಲ್ ೨೧

ಬೀಜ ಕೇಂದ್ರದವರಿಗೆ,

ನಿಮ್ಮ ನಮೂನೆ ತಲುಪಿತು. ಉತ್ತರ ಬರೆಯಲು ಬಿಟ್ಟ ಜಾಗ ಸಾಲಲಿಲ್ಲವಾದ್ದರಿಂದ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಜಮೀನು ಎರಡು ಎಕರೆ. ಮೊದಲು ನಾಲ್ಕಿತ್ತು. ಅಪ್ಪ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳಿಗೆ ಸರಿಪಾಲಾಯಿತು. ಯಾವಾಗಿನಿಂದ ಉಪ್ಪಾಗಿದೆ ಎಂದು ಕೇಳಿದ್ದೀರಿ. ಪಕ್ಕದ ಎರಡು ಎಕರೆಯಲ್ಲಿ ಸೀಗಡಿ ಸಾಕುವ ಕೊಳ ತೋಡಿದ ಮರುವರ್ಷದಿಂದ. ಕೊಳಕ್ಕೆ ಕಡಲಿನ ನೀರು ತುಂಬುತ್ತಾರೆ. ಅದು ಬದುವಿನ ಅಡಿಯಿಂದ ಇತ್ತ ಜಿನುಗುತ್ತದೆ. ಪಕ್ಕದ ಜಮೀನು ಯಾರದು, ಅದನ್ನು ಕೊಳಕ್ಕೆ ಗುತ್ತಿಗೆ ಕೊಟ್ಟವರು ಯಾರು ಎಂಬುದಕ್ಕೆ ಉತ್ತರ ನಿಮ್ಮ ಕಚೇರಿಯಲ್ಲೇ ಸಿಗುತ್ತದೆ, ವಿಚಾರಿಸಿಕೊಳ್ಳಿ.

ಈಗ ಏನು ಬೆಳೆಯುತ್ತೀರಿ ಎಂದರೆ, ಏನೂ ಇಲ್ಲ. ಸಿಹಿನೀರಿನ ಬಾವಿಯ ಹತ್ತಿರ ಮನೆಮಟ್ಟಿಗೆ ನಾಲ್ಕು ಬದನೆ ಗಿಡ ನಿಂತಿವೆ. ಉಳಿದದ್ದು ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ನನ್ನ ಯಜಮಾನರು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕೆ ಹೋಗುತ್ತಾರೆ. ಏನೇ ಆದರೂ ಮಣ್ಣಿನ ಋಣ ಬಿಡಲಿಲ್ಲ ನೋಡು ಎಂದು ತಾವೇ ತಮಾಷೆ ಮಾಡಿಕೊಳ್ಳುತ್ತಾರೆ. ನನಗೆ ನಗು ಬರುವುದಿಲ್ಲ.

ಕಾಲು ಎಕರೆ ಕೊಡುತ್ತೇನೆ, ಕೊಳದ ಬದುವಿಗೇ ತಾಗಿದ್ದು. ಅಲ್ಲಿ ಬದುಕಿದ ಪೈರು ಎಲ್ಲಿ ಬೇಕಾದರೂ ಬದುಕೀತು. ಬೀಜ ಕಳಿಸಿ. ನೋಡಿಹೋಗಲು ಯಾರಾದರೂ ಬರುವುದಿದ್ದರೆ ಬೇರೆಯವರನ್ನು ಕಳಿಸಿ.

ಜಮೀನಿನ ಒಡತಿ


ಮೇ ೨೬

ಅಕ್ಕ,

ಇದರ ಜೊತೆ ಎಂಟು ಕಿಲೋ ಬಿತ್ತನೆ ಬೀಜ ಬರುತ್ತಿದೆ.

ಈ ಬೀಜ ಹೇಗೆ ಬಂತೆಂದು ನಿನಗೆ ತಿಳಿದಿರಲಿ. ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಉಪ್ಪುನೀರು ತುಂಬಿ ಅದರಲ್ಲಿ ಸಸಿ ಬೆಳೆಸುತ್ತೇವೆ. ವಾರಕ್ಕೊಮ್ಮೆ ಉಪ್ಪು ಹೆಚ್ಚಿಸುತ್ತೇವೆ. ಮೊದಲು ಎಲೆಯ ತುದಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಎಲೆ ಸುರುಟುತ್ತದೆ, ಆಮೇಲೆ ಸಸಿ ಮಲಗುತ್ತದೆ. ಸತ್ತವನ್ನು ಎಣಿಸಿ ತೆಗೆದುಹಾಕುವುದು ನನ್ನ ಕೆಲಸ. ಮೊದಲ ವರ್ಷ ಸಾವಿರದ ಇನ್ನೂರು ಸಸಿಗಳಲ್ಲಿ ಉಳಿದದ್ದು ಹತ್ತೊಂಬತ್ತು. ಅವುಗಳ ಮಕ್ಕಳು, ಮೊಮ್ಮಕ್ಕಳು ಈ ಚೀಲದಲ್ಲಿವೆ.

ಸಸಿಮಡಿಯನ್ನು ಬಾವಿಯ ಹತ್ತಿರ ಸಿಹಿ ಮಣ್ಣಿನಲ್ಲೇ ಮಾಡು. ನಾಟಿಗೆ ಅವಸರ ಬೇಡ. ನಾವು ಇಪ್ಪತ್ತೈದು ದಿನಕ್ಕೆ ಕೀಳುತ್ತಿದ್ದೆವಲ್ಲ, ಇದನ್ನು ನಲವತ್ತು ದಿನ ಬಿಡು, ಬಲಿತ ಸಸಿ ಉಪ್ಪನ್ನು ತಡೆದುಕೊಳ್ಳುತ್ತದೆ. ಅಷ್ಟರಲ್ಲಿ ಗದ್ದೆಗೆ ಮಳೆನೀರು ನಿಲ್ಲಿಸಿ, ಮೂರು ದಿನ ಬಿಟ್ಟು ಹರಿಸಿಬಿಡಬೇಕು. ಹೀಗೆ ಮೂರು ಸಲವಾದರೂ ತೊಳೆಯಬೇಕು. ನೀರಿನಲ್ಲಿ ಅದ್ದಿ ಉಪ್ಪು ನೋಡುವ ಸಣ್ಣ ಮೀಟರನ್ನೂ ಇಟ್ಟಿದ್ದೇನೆ. ಅದು ತೋರಿಸುವ ಅಂಕಿಯನ್ನು ವಾರಕ್ಕೊಮ್ಮೆ ಬರೆದು ಕಳಿಸು.

ನಾನು ಮೊದಲು ತರಕಾರಿ ಬೀಜದ ವಿಭಾಗದಲ್ಲಿದ್ದೆ. ಈ ಕೆಲಸವನ್ನು ಕೇಳಿ ಹಾಕಿಸಿಕೊಂಡೆ. ಯಾಕೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ.

ನಿನ್ನ ತಂಗಿ


ಜುಲೈ ೨

ನಿನಗೆ,

ಕಚೇರಿಯವರಿಗೆ ಬರೆಯುವ ಹಾಗೆ ಬರೆದು ಬರೆದು ಕೈ ನೋಯುತ್ತದೆ, ಅದಕ್ಕೆ ಹೀಗೆ.

ಬೀಜ ಚೆನ್ನಾಗಿ ಮೊಳೆತಿದೆ. ಸಸಿಮಡಿ ಹಸಿರಾಗಿದೆ. ದಿನಕ್ಕೆ ಎರಡು ಸಲ ಅಲ್ಲಿ ಹೋಗಿ ನಿಲ್ಲುತ್ತೇನೆ, ಸುಮ್ಮನೆ. ಆರು ವರ್ಷವಾಗಿತ್ತು ಅಂಥ ಬಣ್ಣ ನಮ್ಮ ನೆಲದಲ್ಲಿ ನೋಡಿ.

ಮಳೆ ತಡವಾಗಿ ಬಂತು, ಬಂದಮೇಲೆ ಜೋರಾಗಿಯೇ ಬಂತು. ನೀರು ನಿಲ್ಲಿಸಿ ಎರಡು ಸಲ ಹರಿಸಿದ್ದೇವೆ. ಮೊದಲ ಸಲ ನಿನ್ನ ಮೀಟರು ಹದಿನಾಲ್ಕು ತೋರಿಸಿತು, ಎರಡನೆಯ ಸಲ ಒಂಬತ್ತೂವರೆ. ಆ ಅಂಕಿ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಇಳಿದಿದೆ ಎಂದಷ್ಟೇ ಗೊತ್ತು. ತೋಡಿನಾಚೆ ಮನೆಯ ಮೀಸೆ ಮಾವ ಬದುವಿನ ಮೇಲೆ ಕೂತು, ಏನಮ್ಮಾ, ಗದ್ದೆಗೆ ಸ್ನಾನ ಮಾಡಿಸ್ತಿದ್ದೀಯಾ ಎಂದು ಕೇಳಿದರು. ಹೌದು, ಬೆನ್ನು ಉಜ್ಜೋಕೆ ಬರ್ತೀರಾ ಎಂದೆ. ಎದ್ದು ಹೋದರು.

ಕೆಳಗೆ ನಿನ್ನ ಭಾವ ಒಂದು ಸಾಲು ಬರೆಯುತ್ತಾರಂತೆ. ನಾನು ಓದುವುದಿಲ್ಲ.

ಅಕ್ಕ

ತಂಗೀ, ನಿನ್ನಕ್ಕ ಸಸಿಗಳ ಹತ್ತಿರ ಮಾತಾಡುತ್ತಾಳೆ. ನನ್ನ ಹತ್ತಿರ ಅಷ್ಟು ಮೃದುವಾಗಿ ಮಾತಾಡಿದ್ದು ನೆನಪಿಲ್ಲ. ನೀನು ಬರೆಯುವುದನ್ನು ನಿಲ್ಲಿಸಬೇಡ. ನಿನ್ನ ಭಾವ.


ಜುಲೈ ೧೩

ಅಕ್ಕ,

ಒಂಬತ್ತೂವರೆ ಇನ್ನೂ ಹೆಚ್ಚೇ, ಆದರೆ ಹದಿನಾಲ್ಕರಿಂದ ಇಳಿದದ್ದು ಒಳ್ಳೆಯದು. ಇನ್ನೊಂದು ಸಲ ತೊಳೆದು ನಾಟಿ ಮಾಡು. ಒಂದೊಂದು ಕಡೆ ಮೂರು ನಾಲ್ಕು ಸಸಿ ಸೇರಿಸಿ, ಒತ್ತೊತ್ತಾಗಿ ನೆಡು. ಕೆಲವು ಸಾಯುತ್ತವೆ ಎಂದು ಮೊದಲೇ ಮನಸ್ಸಿನಲ್ಲಿರಲಿ.

ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಕೊಳದವನು ಆರು ವರ್ಷದ ಹಿಂದೆ ನನ್ನ ಪಾಲನ್ನು ಗುತ್ತಿಗೆಗೆ ಕೇಳಲು ನಮ್ಮ ಕಚೇರಿಗೆ ಬಂದಿದ್ದ. ಊಟದ ಬಿಡುವಿತ್ತು. ಕೊಳದ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತೇನೆ, ಒಂದು ಹನಿಯೂ ಆಚೆ ಹೋಗದು ಎಂದ. ನಾನು ನಂಬಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಂಬಿರಲಿಲ್ಲ. ನಿನ್ನನ್ನು ಒಂದು ಮಾತು ಕೇಳಬೇಕು ಎಂದು ಆಗಲೂ ಅನ್ನಿಸಿತ್ತು. ಕೇಳಿದರೆ ನೀನು ಬೇಡ ಅನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಅಪ್ಪ ಹೋದಮೇಲೆ ನನ್ನ ಪಾಲನ್ನೂ ನೀನೇ ಉತ್ತು, ನೀನೇ ಬಿತ್ತಿ, ವರ್ಷಕ್ಕೊಮ್ಮೆ ಒಂದು ಮೂಟೆ ಅಕ್ಕಿ ಕಳಿಸುತ್ತಿದ್ದೆ. ಅದರ ಜೊತೆ ಒಂದು ಚೀಟಿ ಕೂಡ ಇರುತ್ತಿರಲಿಲ್ಲ. ನನ್ನದೆನ್ನುವ ನೆಲದ ಬಗ್ಗೆ ಒಂದೇ ಒಂದು ಸಲ ಯಾರನ್ನೂ ಕೇಳದೆ ನಾನೇ ತೀರ್ಮಾನ ಮಾಡಬೇಕು ಅನ್ನಿಸಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೂ ಇರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ತಂಗಿ


ಆಗಸ್ಟ್ ೨೩

ನಿನಗೆ,

ನಿನ್ನ ಬೀಜ ಸಾಯುತ್ತಿದೆ.

ನಾಟಿಯಾದ ಎರಡು ವಾರ ಚೆನ್ನಾಗಿತ್ತು. ಬೇರೂರಿ ಹೊಸ ಎಲೆ ಬಿಟ್ಟಿತು. ಆಮೇಲೆ ಹನ್ನೊಂದು ದಿನ ಮಳೆ ಕೈಕೊಟ್ಟಿತು. ಎಲೆಯ ತುದಿ ಬಿಳಿಚುತ್ತದೆ ಎಂದು ಬರೆದಿದ್ದೆಯಲ್ಲ, ಹಾಗೇ ಆಯಿತು. ಬದುವಿನ ಕಡೆಯಿಂದ ಶುರುವಾಗಿ ಸಾಲು ಸಾಲಾಗಿ ಇತ್ತ ಬಂತು. ಇವತ್ತಿಗೆ ಮುಕ್ಕಾಲು ಭಾಗ ಹೋಗಿದೆ. ಮೀಟರು ಹದಿನಾರು ತೋರಿಸುತ್ತದೆ.

ನಿನ್ನ ಭಾವ ಬದುವಿನ ಬುಡದಲ್ಲಿ ಮೊಳಕಾಲುದ್ದ ಅಗೆದು ನೋಡಿದರು. ಅಗೆಯುತ್ತಿದ್ದ ಹಾಗೇ ಕೊಳದ ಕಡೆಯಿಂದ ನೀರು ಒಸರಿ ಗುಂಡಿ ತುಂಬಿತು. ಮಳೆ ನಿಂತಾಗ ಕೊಳದವನು ದಿನವೂ ಪಂಪು ಹಾಕಿ ಹೊಸದಾಗಿ ಉಪ್ಪುನೀರು ಏರಿಸುತ್ತಾನೆ. ನಾವು ಮೂರು ಸಲ ತೊಳೆದ ಉಪ್ಪು ಮೂರು ದಿನದಲ್ಲಿ ವಾಪಸು ಬಂತು.

ಹತ್ತೊಂಬತ್ತು ಸಸಿ ಎಂದು ಬರೆದಿದ್ದೆ. ಅವು ತಟ್ಟೆಯಲ್ಲಿದ್ದವು. ತಟ್ಟೆಗೆ ಪಕ್ಕದಲ್ಲಿ ಯಾರೂ ಕೊಳ ತೋಡಿರಲಿಲ್ಲ. ಆ ಕೊಳ ಇರುವ ತನಕ ಭೂಮಿಯ ಮೇಲಿನ ಯಾವ ಬೀಜವೂ ಇಲ್ಲಿ ನಿಲ್ಲುವುದಿಲ್ಲ. ಗುತ್ತಿಗೆ ಮುಗಿಯಲು ಇನ್ನೂ ನಾಲ್ಕು ವರ್ಷವಿದೆ ಎಂದು ಅವನೇ ಹೇಳಿಕೊಂಡು ತಿರುಗುತ್ತಾನೆ.

ನಾನು ನಿನ್ನಲ್ಲಿ ಏನನ್ನೂ ಕೇಳಿದವಳಲ್ಲ. ಈಗ ಕೇಳುತ್ತಿದ್ದೇನೆ. ಆ ಕೊಳ ತೆಗೆಸು. ಆಗುವುದಿಲ್ಲ ಎಂದಾದರೆ ಇನ್ನು ಬರೆಯಬೇಡ, ಬೀಜವನ್ನೂ ಕಳಿಸಬೇಡ.

ಅಕ್ಕ


ಸೆಪ್ಟೆಂಬರ್ ೨೯

ಅಕ್ಕ,

ಉತ್ತರ ತಡವಾಯಿತು. ಅಕ್ಟೋಬರ್ ಐದರಿಂದ ಕೊಳ ಬರಿದು ಮಾಡಲು ಶುರುಮಾಡುತ್ತಾರೆ. ನೀರನ್ನು ನಿನ್ನ ಕಡೆ ಬಿಡದೆ ನೇರ ಹೊಳೆಯ ಬಾಯಿಗೇ ಹರಿಸಬೇಕೆಂದು ಆದೇಶದಲ್ಲಿ ಬರೆದಿದೆ. ಹತ್ತಿರ ನಿಂತು ನೋಡಿಕೊಳ್ಳಲು ಭಾವನಿಗೆ ಹೇಳು.

ಉಳಿದಿರುವ ಪೈರನ್ನು ಕೀಳಬೇಡ. ಹಿಂಗಾರು ಮಳೆ ಬಂದರೆ ಚೇತರಿಸಿಕೊಂಡೀತು.

ಇನ್ನು ಮುಂದೆ ನನಗೆ ಬರೆಯುವಾಗ ಕೇಂದ್ರದ ಬೀಜ ಉಗ್ರಾಣ ಎಂದು ವಿಳಾಸ ಹಾಕು. ನನ್ನ ಮೇಜು ಬದಲಾಗಿದೆ. ಗದ್ದೆಯ ಅಂಕಿಗಳನ್ನು ಮಾತ್ರ ಹಳೆಯ ವಿಳಾಸಕ್ಕೇ ಕಳಿಸು.

ತಂಗಿ


ಅಕ್ಟೋಬರ್ ೧೯

ತಂಗೀ,

ಕೊಳ ಖಾಲಿಯಾಯಿತು. ಆರು ವರ್ಷ ಹಗಲೆಲ್ಲ ಗುಂಯ್‌ಗುಡುತ್ತಿದ್ದ ಪಂಪು ನಿಂತಾಗ ಮೊದಲು ಏನೋ ಕೆಟ್ಟುಹೋಗಿದೆ ಅನ್ನಿಸಿತು. ಆಮೇಲೆ ತೋಡಿನಾಚೆ ಮೀಸೆ ಮಾವ ಕೆಮ್ಮುವುದು ಮನೆಯೊಳಗೇ ಕೇಳಿಸಿತು. ತಳದಲ್ಲಿ ಅವನು ಹೇಳಿದ ದಪ್ಪ ಹಾಳೆಯ ಚೂರೂ ಇರಲಿಲ್ಲ. ಬರೀ ಕಪ್ಪು ಕೆಸರು.

ಮೊನ್ನೆ ನಿಮ್ಮ ಕೇಂದ್ರದಿಂದ ಒಬ್ಬರು ಬಂದಿದ್ದರು. ನಿನ್ನ ಜಾಗದಲ್ಲಿ ಈಗ ಅವರಂತೆ. ಐವತ್ತು ದಾಟಿದವರು, ದಪ್ಪ ಕನ್ನಡಕ, ಮಾತು ಕಡಿಮೆ. ಗದ್ದೆಯನ್ನೆಲ್ಲ ಸುತ್ತಿ, ಉಳಿದ ಪೈರನ್ನು ಎಣಿಸಿ ಬರೆದುಕೊಂಡರು. ಜಗಲಿಯಲ್ಲಿ ಕೂತು ನೀರು ಕುಡಿಯುವಾಗ ನಾನೇ ಕೇಳಿದೆ, ಅವಳನ್ನು ಯಾಕೆ ಉಗ್ರಾಣಕ್ಕೆ ಹಾಕಿದ್ದೀರಿ ಎಂದು. ಅವರು ಲೋಟ ಕೆಳಗಿಟ್ಟರು.

“ನಿಮಗೆ ಹೇಳಿಲ್ವಾ? ಕೊಳದ ಜಾಗ ನಂದೇ, ಪರೀಕ್ಷೆಯ ಗದ್ದೆ ನಮ್ಮಕ್ಕಂದು ಅಂತ ತಾವಾಗೇ ನಿರ್ದೇಶಕರ ಮುಂದೆ ಹೋಗಿ ಹೇಳಿದ್ರು. ಯಾರೂ ಕೇಳಿರ್ಲಿಲ್ಲ. ನೀವು ಕಳಿಸಿದ ಅಂಕಿಗಳನ್ನೆಲ್ಲ ಇಟ್ಟು, ನನ್ನ ಜಮೀನಿಂದಲೇ ಉಪ್ಪು ಹೋಗ್ತಿದೆ ಅಂತ ಮೀನುಗಾರಿಕೆ ಇಲಾಖೆಗೂ ಬರ್ಕೊಟ್ರು. ಒಡೆಯರೇ ಬರ್ಕೊಟ್ಟ ಮೇಲೆ ಕೊಳದ ಪರವಾನಗಿ ಉಳಿಯಲಿಲ್ಲ, ಗುತ್ತಿಗೆಯೂ ರದ್ದಾಯ್ತು.”

ಮೊದಲೇ ಹೇಳದೆ ಮುಚ್ಚಿಟ್ಟದ್ದು ತಪ್ಪೆಂದು ನಿನ್ನನ್ನು ಪರೀಕ್ಷೆಯಿಂದ ತೆಗೆದರಂತೆ. ಈಗ ನೀನು ಚೀಲಕ್ಕೆ ಹೊಲಿಗೆ ಹಾಕಿಸಿ ಚೀಟಿ ಅಂಟಿಸುತ್ತೀಯಂತೆ. ಒಳ್ಳೆಯ ಕೆಲಸಗಾರ್ತಿ, ತಟ್ಟೆಗಳ ಹತ್ತಿರ ಅವರಷ್ಟು ಹೊತ್ತು ಯಾರೂ ಕೂತವರಲ್ಲ ಎಂದರು.

ನೀನು ಬರೆದದ್ದು ನನ್ನ ಮೇಜು ಬದಲಾಗಿದೆ ಎಂದು. ಅಷ್ಟೇ.

ನಿನ್ನೆಯಿಂದ ಮಳೆ ಬರುತ್ತಿದೆ. ಉಳಿದ ಕಾಲು ಭಾಗ ಹೊಸ ಎಲೆ ಬಿಟ್ಟಿದೆ.

ಅಕ್ಕ


ನವೆಂಬರ್ ೨೭

ಅಕ್ಕ,

ಕನ್ನಡಕದವರು ಹೇಳಬಾರದಿತ್ತು. ಹೋಗಲಿ. ಉಗ್ರಾಣದಲ್ಲಿ ಕಷ್ಟವೇನಿಲ್ಲ. ಕಿಟಕಿ ಉತ್ತರಕ್ಕಿದೆ, ತಂಪಾಗಿರುತ್ತದೆ. ಬೀಜದ ಧೂಳಿಗೆ ಮೂಗು ಮಾತ್ರ ಸೋರುತ್ತದೆ.

ನಿನಗೆ ಅಧಿಕೃತ ಪತ್ರ ಬರುವುದರೊಳಗೆ ನಾನೇ ತಿಳಿಸಿಬಿಡುತ್ತೇನೆ. ಪರೀಕ್ಷೆ ವಿಫಲ ಎಂದು ತೀರ್ಮಾನವಾಗಿದೆ. ಉಳಿದ ಪೈರಿನ ಎಣಿಕೆಯಿಂದ ಅಂದಾಜಿಸಿದ ಮೂರೂ ಜಮೀನುಗಳ ಸರಾಸರಿ ಇಳುವರಿ ನಿಗದಿಮಾಡಿದ್ದಕ್ಕಿಂತ ತುಂಬ ಕೆಳಗಿದೆ. ಕಡತ ಮುಚ್ಚುತ್ತಾರೆ. ಬರುವ ವರ್ಷದಿಂದ ಆ ತಟ್ಟೆಗಳಲ್ಲಿ ಬೇರೆ ಬೆಳೆ. ನಾಲ್ಕು ವರ್ಷದ ಕೆಲಸ ಒಂದು ಪುಟದಲ್ಲಿ ಮುಗಿಯಿತು. ಆ ಪುಟದಲ್ಲಿ ತಪ್ಪೇನೂ ಬರೆದಿಲ್ಲ, ಎಲ್ಲ ಸರಿಯಾಗಿಯೇ ಇದೆ. ಆದರೂ ಓದಿದಮೇಲೆ ಮಧ್ಯಾಹ್ನದ ಊಟಕ್ಕೆ ಏಳಲಾಗಲಿಲ್ಲ.

ನಿನ್ನನ್ನು ನಂಬಿಸಿ ಕೈಬಿಟ್ಟ ಹಾಗಾಯಿತು, ಎರಡನೆಯ ಸಲ.

ತಂಗಿ


ಡಿಸೆಂಬರ್ ೧೪

ತಂಗೀ,

ಅಧಿಕೃತ ಪತ್ರ ಬಂತು. ಓದಿ ಮಡಿಸಿ ಸಂದೂಕದಲ್ಲಿಟ್ಟೆ. ಅವರ ಸರಾಸರಿ ಅವರಿಗಿರಲಿ. ಕೊಯ್ಲು ಮುಗಿಯಿತು. ತೂಗಿದರೆ ನಲವತ್ತೆರಡು ಕಿಲೋ. ಕಾಳು ಸಣ್ಣದು, ಒಂದಿಷ್ಟು ಜೊಳ್ಳು. ಆದರೆ ಬದುವಿನಿಂದ ಮೂರನೆಯ ಸಾಲಿನಲ್ಲಿ, ಸುತ್ತಲಿನದೆಲ್ಲ ಸುಟ್ಟುಹೋದ ಕಡೆ, ಒಂಬತ್ತು ಬುಡ ತಲೆಯೆತ್ತಿ ನಿಂತಿದ್ದವು. ಅವುಗಳ ತೆನೆಯನ್ನು ಬೇರೆಯೇ ಕೊಯ್ದು, ಬೇರೆಯೇ ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಹಾಗೆ ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಿಕ್ಕದ್ದರಲ್ಲಿ ಸ್ವಲ್ಪ ಕುಟ್ಟಿಸಿ ಅನ್ನ ಮಾಡಿದೆ. ನಿನ್ನ ಭಾವ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಕೈತೊಳೆಯಲು ಹೋದವರು ಬಹಳ ಹೊತ್ತು ಹಿತ್ತಿಲಲ್ಲೇ ನಿಂತಿದ್ದರು.

ಇನ್ನೊಂದು ವಿಷಯವಿದೆ. ಕನ್ನಡಕದವರು ಬಂದುಹೋದ ದಿನದಿಂದ ಅದನ್ನು ಬರೆಯಲು ಕೂರುತ್ತಿದ್ದೇನೆ. ಮೂರು ಸಲ ಬರೆದು ಹರಿದಿದ್ದೇನೆ. ಯಾರೂ ಕೇಳದಿದ್ದಾಗಲೂ ನೀನು ಹೋಗಿ ನಿನ್ನ ತಪ್ಪು ಹೇಳಿಕೊಂಡೆ. ನಾನು ಎರಡು ವರ್ಷವಾದರೂ ಹೇಳಲಿಲ್ಲ.

ಅಮ್ಮ ಹೋದ ಸುದ್ದಿ ನಿನಗೆ ಎರಡು ದಿನ ತಡವಾಗಿ ಮುಟ್ಟಿತು. ನೀನು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಫೋನು ಕೆಟ್ಟಿತ್ತು, ಪೇಟೆಗೆ ಹೋಗುವವರು ಸಿಗಲಿಲ್ಲ ಎಂದು ಹೇಳಿದೆ. ಸುಳ್ಳು. ಫೋನು ನನ್ನ ಕೈಯಲ್ಲೇ ಇತ್ತು. ನಿನ್ನ ಭಾವ ಎರಡು ಸಲ ಹೇಳಿದರು, ತಿಳಿಸೇ, ಅವಳಿಗೂ ಅಮ್ಮ ಅಲ್ವಾ ಎಂದು. ನಾನು ಮಾಡಲಿಲ್ಲ. ಅಮ್ಮ ಕೊನೆಯ ವರ್ಷಗಳನ್ನು ಆ ಬಿಳಿ ನೆಲ ನೋಡುತ್ತಲೇ ಕಳೆದಳು, ಅದನ್ನು ಹಾಗೆ ಮಾಡಿದವಳು ಅಮ್ಮನ ಮುಖ ನೋಡುವುದು ಬೇಡ ಅನ್ನಿಸಿತು. ಸಿಟ್ಟಿನಲ್ಲಿ ಒಂದು ಗಳಿಗೆ ಮಾಡಿದ್ದಲ್ಲ. ಎರಡು ದಿನ, ಎಚ್ಚರವಾಗಿದ್ದು, ಬೇಕೆಂದೇ ಮಾಡಿದೆ.

ಕೊನೆಯ ಸಲ ಮುಖ ನೋಡಬಹುದೆಂದು ನಂಬಿ ನೀನು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಅಮ್ಮ ಎಲ್ಲಿ ಎಂದು ಕೇಳಿದ್ದು ನನಗೆ ಮರೆಯುವುದಿಲ್ಲ.

ನೆಲದ ಉಪ್ಪನ್ನು ಮಳೆನೀರಿನಲ್ಲಿ ತೊಳೆಯಬಹುದು. ಇದನ್ನು ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಅದನ್ನು ಕೇಳುವ ಹಕ್ಕು ಇದೆ ಅನ್ನಿಸಲಿಲ್ಲ.

ಅಕ್ಕ


ಮಾರ್ಚ್ ೪

ಅಕ್ಕ,

ನಿನ್ನ ಪತ್ರವನ್ನು ಉಗ್ರಾಣದಲ್ಲಿ, ಚೀಲಗಳ ಮಧ್ಯೆ ನಿಂತು ಓದಿದೆ. ಅದಾದಮೇಲೆ ಎರಡೂವರೆ ತಿಂಗಳು ಉತ್ತರ ಬರೆಯಲಾಗಲಿಲ್ಲ. ಭಾವ ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ಫೋನು ಎತ್ತದಿರುವುದು ಎಷ್ಟು ಸುಲಭ ಎಂದು ಈಗ ನನಗೂ ಗೊತ್ತಾಯಿತು.

ನನಗೆ ಅನುಮಾನವೂ ಇರಲಿಲ್ಲ. ಫೋನು ಕೆಟ್ಟಿತ್ತೆಂದೇ ನಂಬಿದ್ದೆ. ಎರಡು ವರ್ಷದಿಂದ ನಾನು ಬೈದುಕೊಂಡದ್ದು ಆ ಫೋನನ್ನು.

ಪರವಾಗಿಲ್ಲ ಎಂದು ಬರೆಯಲಾರೆ. ನೀನೂ ನನಗೆ ಹಾಗೆ ಬರೆದಿಲ್ಲ, ಬರೆಯಲೂ ಬೇಡ. ಆದರೆ ಕೊಳ ಈಗ ಬರಿದಾಗಿ ಬಿದ್ದಿದೆ, ಅದು ನನ್ನ ನೆಲ. ಮಳೆಯ ಮೊದಲು ತಳವನ್ನು ಉತ್ತು ಕಾಲುವೆ ತೆಗೆಯದಿದ್ದರೆ ಇನ್ನೊಂದು ವರ್ಷ ಹೋಗುತ್ತದೆ. ಸಿಟ್ಟು ಇಳಿಯಲಿ ಎಂದು ಕಾದರೆ ಹದ ಕಾಯುವುದಿಲ್ಲ. ಉಗ್ರಾಣದಲ್ಲಿ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ನೀನು ಬೇರೆಯಾಗಿ ಇಟ್ಟಿರುವ ಒಂಬತ್ತು ಬುಡದ ಬೀಜವನ್ನು ಬದುವಿನ ಎರಡೂ ಕಡೆ ಹಾಕೋಣ. ಕೇಂದ್ರಕ್ಕೆ ಬೇಡವಾದರೆ ನಮಗೆ ಬೇಕು.

ಅದಕ್ಕೆ ಮೊದಲು ಒಂದನ್ನು ತಿಳಿಯಬೇಕು. ಕೊನೆಯ ದಿನಗಳಲ್ಲಿ ಅಮ್ಮ ನನ್ನನ್ನು ಕೇಳಿದಳೇ? ಇಲ್ಲ ಎಂದಾದರೆ ಇಲ್ಲ ಎಂದೇ ಬರೆ.

ತಂಗಿ


ಮಾರ್ಚ್ ೧೬

ತಂಗೀ,

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕೊನೆಯ ಎರಡು ವಾರ ಅಮ್ಮನಿಗೆ ಕಾಲದ ಅಂದಾಜು ತಪ್ಪಿಹೋಗಿತ್ತು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೆವು. ಅಲ್ಲಿಂದ ಕೊಳ ಕಾಣುತ್ತಿತ್ತು. ಅವಳ ಕಣ್ಣಿಗೆ ಅದು ನಾಟಿಗೆ ಮೊದಲು ಗದ್ದೆಯಲ್ಲಿ ನಿಲ್ಲಿಸಿದ ನೀರಿನ ಹಾಗೆ ಕಂಡಿರಬೇಕು. ದಿನಾ ಬೆಳಿಗ್ಗೆ ಎಚ್ಚರವಾದ ಕೂಡಲೇ ಒಂದೇ ಪ್ರಶ್ನೆ.

“ಇಬ್ಬರ ಗದ್ದೆಗೂ ನೀರು ಬಿಟ್ಯಾ?”

ಮೊದಲ ದಿನ ನಿಜ ಹೇಳಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ಭಾವ ತಲೆಯಾಡಿಸಿ ಬೇಡ ಎಂದರು. ಬಿಟ್ಟೆ ಅಮ್ಮ ಎಂದೆ.

“ಚಿಕ್ಕವಳ್ದಕ್ಕೆ ಮೊದಲು ಬಿಡು. ಅವಳ್ದು ಎತ್ತರದಲ್ಲಿದೆ, ಬೇಗ ಒಣಗುತ್ತೆ.”

ಹಾಗೇ ಮಾಡಿದ್ದೀನಿ ಎಂದೆ. ಸಮಾಧಾನವಾಗಿ ಕಣ್ಣು ಮುಚ್ಚುತ್ತಿದ್ದಳು. ಹದಿಮೂರು ದಿನ ಅದೇ ಪ್ರಶ್ನೆ, ಅದೇ ಉತ್ತರ. ಹದಿನಾಲ್ಕನೆಯ ದಿನ ಕೇಳಲಿಲ್ಲ.

ಅವಳು ನಿನ್ನನ್ನು ಕೇಳಿದಳೋ ಇಲ್ಲವೋ ನೀನೇ ತಿಳಿದುಕೋ. ನನಗಂತೂ ಆ ಹದಿಮೂರು ದಿನವೂ ನಿನ್ನ ಮೇಲಿನ ಸಿಟ್ಟು ಹೆಚ್ಚುತ್ತಲೇ ಹೋಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಏಪ್ರಿಲ್ ಮೊದಲ ವಾರ ಬಾ. ಮೀಸೆ ಮಾವ ಉಳಲು ತಮ್ಮ ಟ್ರ್ಯಾಕ್ಟರು ತರುತ್ತೇನೆ ಎಂದಿದ್ದಾರೆ. ಕಾಲುವೆ ಮಾತ್ರ ನಾವೇ ತೆಗೆಯಬೇಕು, ನಿನ್ನ ಭಾವನಿಗೆ ಸೊಂಟ ಹಿಡಿದಿದೆ. ಮಳೆ ಬಿದ್ದಾಗ ಇನ್ನೊಮ್ಮೆ ರಜೆ ಹಾಕಿ ಬರಬೇಕಾಗುತ್ತದೆ, ಈಗಲೇ ಕೇಳಿಟ್ಟುಕೋ. ನೀರನ್ನು ನಿನ್ನ ಕಡೆ ಮೊದಲು ಬಿಡೋಣ. ಎತ್ತರದಲ್ಲಿದೆ, ಬೇಗ ಒಣಗುತ್ತೆ.

ಅಕ್ಕ